ವಿಆರ್ ಒಳಗೆ ಭಾನುವಾರದ ಹರಟೆ: ಗೆಳೆತನ ಉಳಿಸುತ್ತಿದ್ದೇವಾ, ಒಬ್ಬನನ್ನು ಬಿಟ್ಟುಬಿಡುತ್ತಿದ್ದೇವಾ?

ಉಣಕಲ್_ದಂಡೆ

ಎಲ್ಲರಿಗೂ ನಮಸ್ಕಾರ ರೀ. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಾಗಿದೆ.

ನಾವು ಐದು ಮಂದಿ ಗೆಳೆಯರು. ಕಾಲೇಜು ದಿನಗಳಿಂದ ಭಾನುವಾರ ಸಂಜೆ ಅಂದರೆ ಉಣಕಲ್ ಕೆರೆ ದಂಡೆ. ಗಿರ್ಮಿಟ್, ಮಿರ್ಚಿ, ಕತ್ತಲಾಗುವ ತನಕ ಹರಟೆ. ಈಗ ಒಬ್ಬ ಪುಣೆಯಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಅಮೆರಿಕದ ಡಲ್ಲಾಸ್‌ನಲ್ಲಿ. ಹುಬ್ಬಳ್ಳಿಯಲ್ಲಿ ಉಳಿದವರು ಇಬ್ಬರೇ, ನಾನು ಮತ್ತು ದುರ್ಗದಬೈಲ್ ಹತ್ತಿರ ಅಂಗಡಿ ಇಟ್ಟಿರುವ ಗೆಳೆಯ.

ಡಲ್ಲಾಸ್‌ನವನು ವಿಆರ್ ಹೆಡ್‌ಸೆಟ್ ತಗೊಂಡು ಎಲ್ಲರಿಗೂ ಹುಚ್ಚು ಹಿಡಿಸಿದ. ಕಣ್ಣಿಗೆ ಕಟ್ಟಿಕೊಂಡರೆ ಕಂಪ್ಯೂಟರ್ ಕಟ್ಟಿದ ಜಾಗದೊಳಗೇ ಇದ್ದೇವೆ ಅನ್ನಿಸುವ ಸಾಧನ ಅದು. ಪುಣೆಯವನು, ಬೆಂಗಳೂರಿನವನು, ಕೊನೆಗೆ ನಾನೂ ಕೊಂಡೆ. ಭಾನುವಾರ ನಮಗೆ ಸಂಜೆ, ಅವನಿಗೆ ಬೆಳಗ್ಗೆ. ನಾಲ್ವರೂ ವಿಆರ್ ಒಳಗೆ ಒಂದು ಬೆಂಕಿ ಸುತ್ತ ಕೂರುತ್ತೇವೆ. ಮೊದಲು ವಿಡಿಯೊ ಕಾಲ್ ಮಾಡುತ್ತಿದ್ದೆವು, ಹತ್ತು ನಿಮಿಷಕ್ಕೆ "ಮತ್ತೇನಪಾ, ಆರಾಮ?" ಅನ್ನುವಲ್ಲಿಗೆ ಬಂದು ನಿಲ್ಲುತ್ತಿತ್ತು. ಇಲ್ಲಿ ಎರಡು ತಾಸು ಹೋದದ್ದೇ ಗೊತ್ತಾಗುವುದಿಲ್ಲ. ಕಾಲ್‌ನಲ್ಲಿ ಬಾಯೇ ಬಿಡದ ಪುಣೆಯವನು ಇಲ್ಲಿ ತನ್ನ ಸಾಲ, ಅಪ್ಪನ ಜೊತೆಗಿನ ಜಗಳ, ಎಲ್ಲ ಹೇಳಿಕೊಂಡ.

ತೊಂದರೆ ಇರುವುದು ಐದನೆಯವನ ವಿಷಯದಲ್ಲಿ. ಹೆಡ್‌ಸೆಟ್‌ಗೆ ಕಡಿಮೆ ಅಂದರೂ ಹತ್ತಿರ ಹತ್ತಿರ 40,000 ರೂಪಾಯಿ. ಅಷ್ಟು ದುಡ್ಡು ಹಾಕುವ ಸ್ಥಿತಿಯಲ್ಲಿ ಅವನಿಲ್ಲ. ನಾವೇ ಕೂಡಿ ಕೊಡಿಸುತ್ತೇವೆ ಅಂದರೆ ಬೇಡ ಅನ್ನುತ್ತಾನೆ. ಉಳಿದವರು ಊರು ಬಿಟ್ಟ ಮೇಲೂ ನಾನೂ ಅವನೂ ಕೆರೆಗೆ ಹೋಗುವುದು ತಪ್ಪಿರಲಿಲ್ಲ. ಈಗ ಅದೇ ಹೊತ್ತಿಗೆ ನಾನು ಹೆಡ್‌ಸೆಟ್ ಹಾಕಿಕೊಂಡು ಮನೆಯಲ್ಲಿರುತ್ತೇನೆ. ಅವನು ಏನೂ ಅನ್ನುವುದಿಲ್ಲ. ಅದೇ ನನಗೆ ಕಸಿವಿಸಿ.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ? ವಿಆರ್ ಬಳಸುವವರು, ಬಳಸದವರು, ಎಲ್ಲರೂ ಹೇಳಿ.

ಲೈನ್‌ಬಜಾರ್_ಧಾರವಾಡ

ಉತ್ತರ ನೀವೇ ಬರೆದಿದ್ದೀರಿ. ಗೆಳೆಯ ಅದೇ ಊರಲ್ಲಿದ್ದಾನೆ, ನೀವು ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡು ಕುಳಿತಿದ್ದೀರಿ. ಎದ್ದು ಹೋಗಿ ಅವನನ್ನು ಕಂಡು ಬನ್ನಿ, ಅಷ್ಟೇ.

ಕೋಡ್_ವಿದ್ಯಾನಗರ

ಅಣ್ಣಾರ, ಅಷ್ಟು ಸರಳ ಇಲ್ಲ. ಡಲ್ಲಾಸ್‌ನವನೂ ಗೆಳೆಯನೇ ಅಲ್ವಾ?

ವಿಡಿಯೊ ಕಾಲ್ ಯಾಕೆ ಬೇಗ ಸಾಕಾಗುತ್ತದೆ, ವಿಆರ್ ಯಾಕೆ ಸಾಕಾಗುವುದಿಲ್ಲ ಅನ್ನುವುದಕ್ಕೆ ಕಾರಣ ಇದೆ. ಕಾಲ್‌ನಲ್ಲಿ ಎಲ್ಲರ ದನಿಯೂ ಒಂದೇ ಕಡೆಯಿಂದ ಬರುತ್ತದೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರದೂ ಕೇಳಿಸುವುದಿಲ್ಲ. ಹೀಗಾಗಿ ಒಬ್ಬ ಮಾತಾಡಬೇಕು, ಉಳಿದವರು ಬಾಯಿ ಮುಚ್ಚಿ ಕೂರಬೇಕು. ಹರಟೆ ಹಾಗೆ ನಡೆಯುತ್ತದಾ? ವಿಆರ್‌ನಲ್ಲಿ ದನಿಗೆ ದಿಕ್ಕೂ ಇದೆ, ದೂರವೂ ಇದೆ. ಎಡಗಡೆ ಕುಳಿತವನ ಮಾತು ಎಡಗಿವಿಗೆ ಹೆಚ್ಚು ಕೇಳುತ್ತದೆ, ದೂರ ನಿಂತವನದು ಸಣ್ಣಗೆ ಕೇಳುತ್ತದೆ. ಇಬ್ಬರು ತಮ್ಮಷ್ಟಕ್ಕೆ ಪಿಸುಗುಡಬಹುದು, ಇನ್ನಿಬ್ಬರು ಜೋರಾಗಿ ವಾದ ಮಾಡಬಹುದು. ನಡುವೆ ನಿಮ್ಮ ಹೆಸರು ಕಿವಿಗೆ ಬಿದ್ದರೆ ತಿರುಗಿ ನೋಡುತ್ತೀರಿ.

ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ ವಿಡಿಯೊ ಕಾಲ್ ದಣಿವಿನ ಬಗ್ಗೆ 2021ರಲ್ಲಿ ಬರೆದಿದ್ದಾರೆ. ಎಲ್ಲರ ಮುಖವೂ ತೀರಾ ಹತ್ತಿರದಿಂದ ನಿಮ್ಮನ್ನೇ ದಿಟ್ಟಿಸುತ್ತಿರುತ್ತದೆ, ನಿಮ್ಮ ಮುಖ ನಿಮಗೇ ಸತತ ಕಾಣುತ್ತಿರುತ್ತದೆ, ಕ್ಯಾಮೆರಾ ಎದುರು ಅಲ್ಲಾಡದೆ ಕೂರಬೇಕು. ಇವು ಅವರು ಕೊಟ್ಟ ಕಾರಣಗಳಲ್ಲಿ ಕೆಲವು. ಪುಣೆಯವರು ಬಾಯಿ ಬಿಟ್ಟದ್ದು ಇದಕ್ಕೇ ಇರಬೇಕು. ಮನೆಯ ಕಷ್ಟ ಹೇಳುವಾಗ ಯಾರ ಮುಖವನ್ನೂ ನೋಡದೆ ಬೆಂಕಿ ಕಡೆ ನೋಡುತ್ತಾ ಹೇಳಬಹುದು. ಕಾಲ್‌ನಲ್ಲಿ ಆ ಅವಕಾಶವೇ ಇಲ್ಲ.

ಉಣಕಲ್_ದಂಡೆ

ಹೌದು ರೀ, ಕೆಳಗೆ ನೋಡುತ್ತಲೇ ಹೇಳಿದ. ನಾವೂ ಯಾರೂ ನಡುವೆ ಬಾಯಿ ಹಾಕಲಿಲ್ಲ.

ಆದರೆ ಇನ್ನೊಂದು ಹೇಳುತ್ತೇನೆ. ಬೆಂಗಳೂರಿನವನಿಗೆ ನಗು ಬಂದರೆ ಪಕ್ಕದವನ ತೊಡೆಗೆ ಫಟಾರ್ ಅಂತ ಹೊಡೆಯುವ ಚಟ, ಮೊದಲಿನಿಂದಲೂ. ವಿಆರ್‌ನಲ್ಲೂ ಕೈ ಬೀಸಿದ. ಕೈ ನನ್ನ ತೊಡೆಯೊಳಗಿಂದ ಹಾದು ಹೋಯಿತು. ಅಲ್ಲಿ ಅವನ ಮನೆಯಲ್ಲಿ ಕೈಯಲ್ಲಿ ಹಿಡಿದ ಕಂಟ್ರೋಲರ್ ಟೀಪಾಯಿಗೆ ಬಡಿದ ಸದ್ದು ನಮಗೆಲ್ಲ ಕೇಳಿತು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅದಾದ ಮೇಲೆ ಅವನು ನಗುವಾಗ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ನಗುತ್ತಾನೆ. ಅದನ್ನು ನೋಡಿದರೆ ಒಂಥರಾ ಆಗುತ್ತದೆ.

ಬ್ಯಾಡಗಿ_ಕಡ್ಡಿ

ಮುಟ್ಟದ ಸಂಬಂಧ ಎಷ್ಟು ದಿನ ಅಂತ ನನ್ನ ಪ್ರಶ್ನೆ. ನಾನು ಮೆಣಸಿನಕಾಯಿ ಮಾರುಕಟ್ಟೆಯವನು. ನಮ್ಮಲ್ಲಿ ಟೆಂಡರ್ ಕಂಪ್ಯೂಟರಿಗೆ ಬಂದು ವರ್ಷಗಳಾದವು, ಆದರೂ ಖರೀದಿದಾರ ಅಂಗಳಕ್ಕೆ ಬಂದು ರಾಶಿಯೊಳಗೆ ಕೈ ಹಾಕುವುದು ಬಿಟ್ಟಿಲ್ಲ. ಹಸಿ ಇದೆಯಾ, ಒಣಗಿದೆಯಾ, ಸುಕ್ಕು ಹೇಗಿದೆ, ಮುರಿದರೆ ಸದ್ದು ಹೇಗೆ ಬರುತ್ತದೆ, ಎಲ್ಲ ಕೈಯಿಂದಲೇ. ಅದರ ಜೊತೆ ಇನ್ನೊಂದೂ ನಡೆಯುತ್ತದೆ. ರೈತ ಎದುರಿಗೇ ನಿಂತಿರುತ್ತಾನೆ. ಅವನ ಮುಖ ನೋಡಿ, ಚಹಾ ಕುಡಿಸಿ, ಮಗಳ ಮದುವೆ ಯಾವಾಗ ಅಂತ ಕೇಳಿ ಆಮೇಲೆ ದರದ ಮಾತು. ಮುಂದಿನ ವರ್ಷ ಅವನು ಮತ್ತೆ ನಮ್ಮ ಅಂಗಡಿಗೇ ಬರುತ್ತಾನೆ. ವಿಆರ್‌ನಲ್ಲಿ ನಮ್ಮ ಬದಲು ನಿಲ್ಲುವ ಗೊಂಬೆ ರೂಪ, ಆ ಅವತಾರ್ ಎದುರು ಅವತಾರ್ ನಿಂತರೆ ಆ ಚಹಾ ಎಲ್ಲಿಂದ ತರುತ್ತೀರಿ?

ಕೋಡ್_ವಿದ್ಯಾನಗರ

ಕಾಕಾ, ವ್ಯಾಪಾರಕ್ಕೆ ನಿಮ್ಮ ಮಾತು ಒಪ್ಪಿದೆ. ಆದರೆ ಅವರು ಮೆಣಸಿನಕಾಯಿ ಮಾರುತ್ತಿಲ್ಲ, ಮೊದಲೇ ಇರುವ ಗೆಳೆತನ ಕಾಯ್ದುಕೊಳ್ಳುತ್ತಿದ್ದಾರೆ. ಹೊಸದಾಗಿ ನಂಬಿಕೆ ಹುಟ್ಟಿಸುವುದು ಬೇರೆ, ಇರುವ ನಂಬಿಕೆ ಉಳಿಸಿಕೊಳ್ಳುವುದು ಬೇರೆ.

ಸಾಧನಕೇರಿ_ಅಕ್ಕ

ಇಲ್ಲಿ ಬರೆದವರು ಎಲ್ಲರೂ ಗಂಡಸರು, ಗೊತ್ತಿರುವವರ ನಡುವೆ ಕುಳಿತವರು. ಗೊತ್ತಿಲ್ಲದವರ ನಡುವೆ ಹೆಂಗಸಿನ ದನಿಯಲ್ಲಿ ಮಾತಾಡಿ ನೋಡಿ.

ಮಗಳ ಹೆಡ್‌ಸೆಟ್ ಹಾಕಿಕೊಂಡು ನಾನು ಒಂದು ಸಾರ್ವಜನಿಕ ಕೋಣೆಗೆ ಹೋಗಿದ್ದೆ. ಯಾವ ಆ್ಯಪ್ ಅನ್ನುವುದು ಬೇಡ. "ಹಲೋ" ಅಂದದ್ದೇ ತಡ, ಇಬ್ಬರು ಬಂದು ಮುಖಕ್ಕೆ ಮುಖ ತಾಗುವಂತೆ ನಿಂತರು. ಒಬ್ಬ ಕೈ ಚಾಚಿದ. ಇದು ನನ್ನ ಮೈ ಅಲ್ಲ ಅಂತ ಬುದ್ಧಿಗೆ ಗೊತ್ತಿತ್ತು. ಆದರೂ ಮೈ ಹಿಂದಕ್ಕೆ ಸರಿಯಿತು, ಕಾಲು ಮಂಚಕ್ಕೆ ಬಡಿದು ಕೂತುಬಿಟ್ಟೆ. ಎದೆ ಹೊಡೆದುಕೊಳ್ಳುತ್ತಿತ್ತು. ಫೋನಿನಲ್ಲಿ ಕೆಟ್ಟ ಮೆಸೇಜ್ ಬಂದರೆ ಹೀಗೆ ಆಗುವುದಿಲ್ಲ. ಎದುರಿಗೇ ಇದ್ದಾರೆ ಅನ್ನಿಸುವುದೇ ಇದರ ಹೆಚ್ಚುಗಾರಿಕೆ ಅನ್ನುತ್ತೀರಿ, ನನ್ನನ್ನು ಹೆದರಿಸಿದ್ದೂ ಅದೇ.

ಚಿಗರಿ_ಪ್ರಯಾಣಿಕ

ಅಕ್ಕಾರ, ಅದಕ್ಕೆ ಈಗ ವ್ಯವಸ್ಥೆ ಇದೆ. ಮೆಟಾ ಕಂಪನಿಯ ವಿಆರ್ ಆ್ಯಪ್ ಹೊರೈಜನ್ ವರ್ಲ್ಡ್ಸ್‌ನಲ್ಲಿ ಇಂಥ ದೂರುಗಳು ಬಂದ ಮೇಲೆ 2022ರ ಫೆಬ್ರುವರಿಯಲ್ಲಿ ಅವತಾರ್‌ಗಳ ನಡುವೆ ಸುಮಾರು 4 ಅಡಿ ಅಂತರ ಇಟ್ಟರು. ಬೇರೆ ಕಡೆಯೂ ಮ್ಯೂಟ್, ಬ್ಲಾಕ್ ಇವೆ. ಬ್ಲಾಕ್ ಮಾಡಿದರೆ ಆ ಮನುಷ್ಯ ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಸಾಧನಕೇರಿ_ಅಕ್ಕ

ಗೊತ್ತು ತಮ್ಮಾ. ನಾನೂ ಬ್ಲಾಕ್ ಮಾಡಿಯೇ ಹೊರಗೆ ಬಂದೆ. ಆದರೆ ಆಮೇಲೆ ಏನಾಯಿತು? ನನ್ನ ಕಣ್ಣಿಗೆ ಅವರು ಮಾಯ ಆದರು. ಅವರು ಮಾತ್ರ ಅಲ್ಲೇ ಇದ್ದರು, ಇನ್ನೊಬ್ಬ ಹುಡುಗಿ ಹತ್ತಿರ ಹೋಗಿರುತ್ತಾರೆ. ನಮ್ಮ ಓಣಿಯಲ್ಲಿ ಒಬ್ಬ ಹಾಗೆ ನಡೆದುಕೊಂಡರೆ ಕಟ್ಟೆ ಮೇಲೆ ಕುಳಿತ ಹಿರಿಯರು "ಏ, ಯಾರ ಮಗ ನೀನು?" ಅಂತ ಗದರಿಸುತ್ತಾರೆ. ಮನೆ ತನಕ ಸುದ್ದಿ ಮುಟ್ಟುತ್ತದೆ. ಆ ಹೆದರಿಕೆಗೇ ಎಷ್ಟೋ ಮಂದಿ ನೆಟ್ಟಗಿರುತ್ತಾರೆ. ಅಲ್ಲಿ ಸುತ್ತ ಹತ್ತು ಮಂದಿ ನಿಂತಿದ್ದರು, ಒಬ್ಬರೂ ತುಟಿ ಬಿಚ್ಚಲಿಲ್ಲ. ನಾನು ಒಬ್ಬಳೇ ಬಟನ್ ಒತ್ತಿ ನನ್ನ ದಾರಿ ನೋಡಿಕೊಳ್ಳಬೇಕಾಯಿತು.

ಗದಗ_ಬೆಟಗೇರಿ

ಅಕ್ಕಾ ಹೇಳಿದ್ದು ನೂರಕ್ಕೆ ನೂರು. ಅಪರಿಚಿತರ ಕೋಣೆಗೆ ನೋಡಿಕೊಳ್ಳುವ ಮನುಷ್ಯ ಬೇಕೇ ಬೇಕು.

ರಾಣೆಬೆನ್ನೂರು_ಹುಡುಗ

ಇದೆಲ್ಲ 2021ರಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಅಂತ ಹೆಸರು ಬದಲಿಸಿದಾಗ ಶುರುವಾದ ಗಾಳಿ. ನಾಲ್ಕು ದಿನ ಬೀಸಿ ಹೋಗುತ್ತದೆ ಬಿಡಿ.

ಮಾಸ್ತರ_ಹಾವೇರಿ

ತಮ್ಮಾ, ಅದಕ್ಕಿಂತ ಬಹಳ ಹಳೆಯದು. 1980ರ ದಶಕದ ಕೊನೆಗೇ ಅಮೆರಿಕದಲ್ಲಿ ಜೇರನ್ ಲೇನಿಯರ್ ಅವರ ವಿಪಿಎಲ್ ಕಂಪನಿ ಇಬ್ಬರು ಒಂದೇ ಕಲ್ಪಿತ ಜಾಗದಲ್ಲಿ ಸೇರುವ ಯಂತ್ರ ಮಾಡಿತ್ತು. ತಲೆಗೊಂದು ಪೆಟ್ಟಿಗೆ, ಕೈಗೆ ತಂತಿಯ ಗವಸು. ಹೆಡ್‌ಸೆಟ್ ಇಲ್ಲದೆ ಪರದೆ ಮೇಲೇ ಬೇರೆ ರೂಪ ಹೊತ್ತು ಊರು ಕಟ್ಟಿ ಬಾಳುವ ಸೆಕೆಂಡ್ ಲೈಫ್ 2003ರಲ್ಲಿ ಬಂತು, ಇವತ್ತಿಗೂ ಅದರಲ್ಲಿ ಮಂದಿ ಇದ್ದಾರೆ. ಈಗಿನ ಹೆಡ್‌ಸೆಟ್‌ಗಳ ಕಥೆ 2012ರ ಆಕ್ಯುಲಸ್‌ನಿಂದ ಶುರು. ಆ ಕಂಪನಿಯನ್ನು ಫೇಸ್‌ಬುಕ್ 2014ರಲ್ಲಿ ಕೊಂಡಿತು. ನಾಲ್ಕು ದಿನದ ಗಾಳಿ ಆಗಿದ್ದರೆ ಮೂವತ್ತೈದು ವರ್ಷ ಬೀಸುತ್ತಿರಲಿಲ್ಲ.

ಆದರೆ ಒಂದು ಮಾತು. ಈ ಜಾಗಗಳಿಗೆಲ್ಲ ಒಬ್ಬ ಮಾಲೀಕ ಇರುತ್ತಾನೆ. ಆಲ್ಟ್‌ಸ್ಪೇಸ್‌ವಿಆರ್ ಅಂತ ಒಂದಿತ್ತು. ಕವಿಗೋಷ್ಠಿ, ಪ್ರಾರ್ಥನೆ, ಹುಟ್ಟುಹಬ್ಬ, ಎಲ್ಲ ಅಲ್ಲಿ ನಡೆಯುತ್ತಿತ್ತು. ಮೈಕ್ರೋಸಾಫ್ಟ್ 2017ರಲ್ಲಿ ಅದನ್ನು ಕೊಂಡು 2023ರ ಮಾರ್ಚ್ 10ಕ್ಕೆ ಬಾಗಿಲು ಹಾಕಿತು. ವರ್ಷಗಟ್ಟಲೆ ಸೇರುತ್ತಿದ್ದ ಬಳಗಗಳಿಗೆ ಕೂರಲು ಜಾಗ ಇಲ್ಲದಾಯಿತು. ಉಣಕಲ್ ಕೆರೆಯನ್ನು ಯಾರೂ ಹಾಗೆ ಮುಚ್ಚಲಾರರು. ಭಾನುವಾರದ ಗೆಳೆಯರೇ, ನಿಮ್ಮ ಸಂಬಂಧ ಆ ಆ್ಯಪ್ ಮೇಲೆ ಪೂರ್ತಿ ನಿಲ್ಲದಂತೆ ನೋಡಿಕೊಳ್ಳಿ.

ತಬಲಾ_ಸಾಥಿ

ನಾನು ಬೇರೆ ಒಂದು ಆಸೆ ಇಟ್ಟುಕೊಂಡಿದ್ದೇನೆ. ಮನ್ಸೂರರು, ಗಂಗೂಬಾಯಿಯವರು, ರಾಜಗುರುಗಳು ಹಾಡಿದ ಊರು ನಮ್ಮದು. ನಮ್ಮ ಜೊತೆ ಕಲಿತವರು ಈಗ ದೇಶ ದೇಶಕ್ಕೆ ಚದುರಿದ್ದಾರೆ. ವಿಆರ್‌ನಲ್ಲಿ ಒಂದು ಪಡಸಾಲೆ ಕಟ್ಟಿ, ಜಮಖಾನೆ ಹಾಸಿ, ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಗಾಯಕ ಹಾಡುತ್ತಾನೆ, ನಾನು ಧಾರವಾಡದಿಂದ ತಬಲಾ ಸಾಥ್ ಕೊಡುತ್ತೇನೆ. ಆಗುತ್ತದಾ?

ಕೋಡ್_ವಿದ್ಯಾನಗರ

ಸರ್, ಸಾಥ್ ಆಗುವುದಿಲ್ಲ. ಇಂಟರ್ನೆಟ್ ಎಷ್ಟೇ ಚೆನ್ನಾಗಿದ್ದರೂ ಆಗುವುದಿಲ್ಲ.

ಕೇಬಲ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಇಲ್ಲಿಂದ ಕ್ಯಾಲಿಫೋರ್ನಿಯಾ ನೇರ ಅಳೆದರೂ 13,000 ಕಿಲೋಮೀಟರ್‌ಗಿಂತ ಜಾಸ್ತಿ. ಅಂದರೆ ಒಂದು ಕಡೆಗೆ ಹೋಗಲಿಕ್ಕೇ 65 ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದ ಒಂದು ಪಾಲು ಒಂದು ಮಿಲಿಸೆಕೆಂಡ್), ಹೋಗಿ ಬರಲು 130. ನೀವು ದ್ರುತ್‌ನಲ್ಲಿ (ವೇಗದ ಲಯದಲ್ಲಿ) ನಿಮಿಷಕ್ಕೆ 300 ಮಾತ್ರೆ, ಅಂದರೆ ತಾಳದ ಎಣಿಕೆ, ಹಿಡಿದರೆ ಒಂದು ಮಾತ್ರೆಗೆ 200 ಮಿಲಿಸೆಕೆಂಡ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಕಳೆದುಹೋಯಿತು. ಮೇಲೆ ಹೆಡ್‌ಸೆಟ್ಟು, ವೈಫೈ, ಸರ್ವರ್ ಸೇರಿಸುವ ತಡ ಬೇರೆ. ವಾದಕರು ಕೂಡಿ ನುಡಿಸುವಾಗ 25-30 ಮಿಲಿಸೆಕೆಂಡ್ ದಾಟಿದರೆ ಲಯ ಎಳೆಯಲು ಶುರುವಾಗುತ್ತದೆ ಅಂತ ಅಳೆದು ನೋಡಿದವರು ಹೇಳುತ್ತಾರೆ. ಮಾತಿಗೆ ಈ ತಡ ಏನೂ ಅಲ್ಲ, ತಾಳಕ್ಕೆ ಮಾತ್ರ ಕಂಟಕ.

ತಬಲಾ_ಸಾಥಿ

ಅವನು ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದಾಗ ನನ್ನದು ಇನ್ನೂ ದಾರಿಯಲ್ಲಿ. ತಿಳಿಯಿತು.

ಆದರೂ ಪೂರ್ತಿ ಕೈ ಬಿಡುವುದಿಲ್ಲ. ಆಲಾಪಕ್ಕೆ ತಾಳ ಬೇಕಿಲ್ಲ. ಪಾಠ ನಡೆಯುವುದೂ ಗುರು ಹೇಳಿ ಶಿಷ್ಯ ತಿರುಗಿ ಹೇಳುವ ಕ್ರಮದಲ್ಲಿ, ಅಲ್ಲಿ ತಡ ಅಡ್ಡ ಬರುವುದಿಲ್ಲ. ಕೈ ಹೇಗೆ ಇಡಬೇಕು ಅನ್ನುವುದನ್ನು ಶಿಷ್ಯ ನನ್ನ ಪಕ್ಕಕ್ಕೆ, ಬೆನ್ನ ಹಿಂದೆ ಬಂದು ನೋಡಬಹುದು. ವಿಡಿಯೊದಲ್ಲಿ ಕ್ಯಾಮೆರಾ ಇಟ್ಟ ಕಡೆಯಿಂದ ಮಾತ್ರ ಕಾಣುತ್ತದೆ. ಇನ್ನು ಬೈಠಕ್ ವಿಷಯ. ಹಾಡುವವರು ನುಡಿಸುವವರು ಇಲ್ಲೇ ಒಂದು ಮನೆಯಲ್ಲಿ, ಕೇಳುವವರು ಜಗತ್ತಿನ ಎಲ್ಲಿಂದಲಾದರೂ. ಒಳ್ಳೆಯ ಜಾಗ ಬಂದಾಗ ಮುಂದೆ ಕುಳಿತ ನಾಲ್ಕು ಮಂದಿ "ಆಹಾ" ಅಂದರೆ ನಮ್ಮ ಕೈಗೆ ಬಲ ಬರುತ್ತದೆ. ಆ "ಆಹಾ" ಅರೆ ಕ್ಷಣ ತಡವಾಗಿ ಬಂದರೂ ಸ್ವೀಕರಿಸುತ್ತೇನೆ.

ಗದಗ_ಬೆಟಗೇರಿ

ಸಂಗೀತದ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ನಮ್ಮ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಕಣ್ಣು ಕಾಣದವರಿಗೆ ಈ ವಿಆರ್‌ನಿಂದ ಏನು ಪ್ರಯೋಜನ? ಹೆಸರು ಹೇಳಿದರೇ ಎಲ್ಲರೂ ಚಿತ್ರದ ಬಗ್ಗೆ ಮಾತಾಡುತ್ತಾರೆ.

ಕೋಡ್_ವಿದ್ಯಾನಗರ

ದನಿಯ ದಿಕ್ಕು ಅವರಿಗೆ ಬಹಳ ಉಪಯೋಗ. ಯಾರು ಎಲ್ಲಿ ಕುಳಿತಿದ್ದಾರೆ, ಯಾರು ಎದ್ದು ಹೋದರು ಅನ್ನುವುದು ಕಿವಿಯಿಂದಲೇ ತಿಳಿಯುತ್ತದೆ. ಆದರೆ ಒಳಗೆ ಹೋಗುವ ಮೆನು, ಬಟನ್ ಎಲ್ಲ ಕಣ್ಣಿದ್ದವರಿಗೆ ಮಾಡಿದ್ದು. ಅಲ್ಲೇ ತೊಡಕು.

ಕಿವಿ ಕೇಳದವರ ಕಥೆ ಬೇರೆ. ಮಂದಿ ಸೇರಿ ಹರಟುವ ಆ್ಯಪ್ ಆದ ವಿಆರ್‌ಚಾಟ್‌ನಲ್ಲಿ ಅವರದೇ ದೊಡ್ಡ ಬಳಗ ಇದೆ. ಕೈಸನ್ನೆಯಲ್ಲೇ ಮಾತು, ಕೈಸನ್ನೆ ಕಲಿಸುವ ತರಗತಿ ಕೂಡ. ಕಂಟ್ರೋಲರ್ ಹಿಡಿದ ಕೈಯಲ್ಲಿ ಎಲ್ಲ ಬೆರಳೂ ಬೇಕಾದಂತೆ ಮಡಚಲು ಆಗುವುದಿಲ್ಲ, ಅದಕ್ಕೆ ಕೆಲವು ಸನ್ನೆಗಳನ್ನೇ ಬದಲಿಸಿಕೊಂಡಿದ್ದಾರೆ.

ಚಿಗರಿ_ಪ್ರಯಾಣಿಕ

ಇದು ಗೊತ್ತೇ ಇರಲಿಲ್ಲ. ಬಹಳ ಖುಷಿ ಆಯಿತು.

ಕವಿವಿ_ಹಾಸ್ಟೆಲ್

ನಾನು ಹೆಚ್ಚು ಬರೆಯುವವನಲ್ಲ, ಆದರೆ ಇದನ್ನು ಹೇಳಬೇಕು ಅನ್ನಿಸಿತು. ನನಗೆ ಚಿಕ್ಕಂದಿನಿಂದ ಮಾತು ತೊದಲುತ್ತದೆ. "ಪ" "ಬ" ಬಂದರೆ ಸಿಕ್ಕಿಹಾಕಿಕೊಳ್ಳುತ್ತೇನೆ. ಎದುರಿಗಿನವರ ಮುಖದಲ್ಲಿ ಅಯ್ಯೋ ಪಾಪ ಅನ್ನುವುದು ಕಂಡ ಕೂಡಲೇ ಇನ್ನೂ ಹೆಚ್ಚಾಗುತ್ತದೆ. ಗೆಳೆಯನ ಹೆಡ್‌ಸೆಟ್‌ನಲ್ಲಿ ಮಾತಾಡಿದಾಗ ತೊದಲು ಹೋಗಲಿಲ್ಲ. ಆದರೆ ಆ ಮುಖಭಾವ ಕಾಣಲಿಲ್ಲ. ತೊದಲುತ್ತಲೇ ಮುಗಿಸಿದೆ. ಮಾತು ಮುಗಿಯುವ ತನಕ ನಿಂತು ಕೇಳಿದರು. ಆಮೇಲೆ ವಿಭಾಗದ ಸೆಮಿನಾರಿನಲ್ಲೂ ಎದ್ದು ನಿಂತೆ. ಅದು ವಿಆರ್‌ನಿಂದಲೇ ಆಯಿತು ಅಂತ ಸಾಧಿಸಲಾರೆ, ಆದರೆ ಧೈರ್ಯ ಬಂದದ್ದು ಅಲ್ಲಿ.

ಸಾಧನಕೇರಿ_ಅಕ್ಕ

ಓದಿ ಬಹಳ ಸಂತೋಷ ಆಯಿತಪ್ಪಾ. ಸೆಮಿನಾರ್ ಬಿಡಬೇಡ.

ಮಾಸ್ತರ_ಹಾವೇರಿ

ಇದಕ್ಕೆ ಹತ್ತಿರದ ಒಂದು ಪ್ರಯೋಗ ಇದೆ. ನಿಕ್ ಯೀ ಮತ್ತು ಬೇಲೆನ್ಸನ್ 2007ರಲ್ಲಿ ಪ್ರಕಟಿಸಿದ್ದು. ಕೆಲವರಿಗೆ ಎತ್ತರದ ಅವತಾರ್ ಕೊಟ್ಟರು, ಕೆಲವರಿಗೆ ಗಿಡ್ಡದ್ದು. ದುಡ್ಡು ಹಂಚಿಕೊಳ್ಳುವ ಚೌಕಾಸಿಯಲ್ಲಿ ಎತ್ತರದವರು ಹೆಚ್ಚು ಪಟ್ಟು ಹಿಡಿದರು, ಗಿಡ್ಡ ರೂಪದವರು ಅನ್ಯಾಯದ ಪಾಲಿಗೂ ಬೇಗ ಒಪ್ಪಿಕೊಂಡರು. ಹೊತ್ತ ರೂಪಕ್ಕೆ ತಕ್ಕಂತೆ ನಡತೆ ಬದಲಾಗುತ್ತದೆ. ಒಳ್ಳೆಯದಕ್ಕೂ ಆಗಬಹುದು, ಅಕ್ಕಾ ಕಂಡ ಆ ಇಬ್ಬರಂತೆ ಕೆಟ್ಟದ್ದಕ್ಕೂ ಆಗಬಹುದು.

ರಾಣೆಬೆನ್ನೂರು_ಹುಡುಗ

2022ರಲ್ಲಿ ತಮಿಳುನಾಡಿನಲ್ಲಿ ಒಂದು ಜೋಡಿ ಆರತಕ್ಷತೆಯನ್ನೇ ಇಂಥದ್ದೇ ಕಂಪ್ಯೂಟರ್ ಲೋಕದಲ್ಲಿ, ಅಂದರೆ ಮೆಟಾವರ್ಸ್‌ನಲ್ಲಿ ಇಟ್ಟುಕೊಂಡಿತ್ತು, ನೆನಪಿದೆಯಾ? ತೀರಿಕೊಂಡಿದ್ದ ಹುಡುಗಿಯ ತಂದೆಯ ರೂಪವನ್ನೂ ಅಲ್ಲಿ ತಂದು ನಿಲ್ಲಿಸಿದ್ದರು. ಇದು ಅತಿ ಆಯಿತು ಅನ್ನಿಸುತ್ತದೆ.

ಶಿಗ್ಗಾಂವಿ_ಮನೆ

ಅತಿ ಯಾಕೆ? ನಮ್ಮ ಮನೆಗಳಲ್ಲಿ ಮದುವೆ ದಿನ ತೀರಿಕೊಂಡವರ ಫೋಟೋಕ್ಕೆ ಮಾಲೆ ಹಾಕಿ ಕೈ ಮುಗಿಯುವುದಿಲ್ಲವಾ? ಆ ಹುಡುಗಿಗೆ ಅಪ್ಪ ನಿಂತಂತೆ ಕಂಡರೆ ಸಾಕಿತ್ತು.

ಲೈನ್‌ಬಜಾರ್_ಧಾರವಾಡ

ಫೋಟೋ ಸುಮ್ನೆ ಇರುತ್ತದೆ ರೀ. ನಡೆದಾಡುವುದಿಲ್ಲ. 2020ರಲ್ಲಿ ಕೊರಿಯಾದ ಟಿವಿಯೊಂದು ತೀರಿಕೊಂಡ ಏಳು ವರ್ಷದ ಮಗಳನ್ನು ವಿಆರ್‌ನಲ್ಲಿ ಮಾಡಿ ತಾಯಿಗೆ ತೋರಿಸಿತು. ಆ ತಾಯಿ ಗಾಳಿಯಲ್ಲಿ ಕೈಯಾಡಿಸಿ ಮಗಳನ್ನು ಸವರುವುದನ್ನು ನೋಡಿ ನನಗೆ ಅವತ್ತು ಊಟ ಸೇರಲಿಲ್ಲ.

ಶಿಗ್ಗಾಂವಿ_ಮನೆ

ನನಗೂ ಅಳು ಬಂತು. ಆದರೆ ಅದು ಬೇಕೋ ಬೇಡವೋ ಅಂತ ಹೇಳಬೇಕಾದವಳು ಆ ತಾಯಿ. ನಾವು ನೀವಲ್ಲ.

ಗದಗ_ಬೆಟಗೇರಿ

ವಿಷಯ ಸ್ವಲ್ಪ ಹಗುರ ಮಾಡೋಣ. ನನಗೆ ಲಕ್ಕುಂಡಿ ಬೇಕು ವಿಆರ್‌ನಲ್ಲಿ. ಕಾಶಿವಿಶ್ವೇಶ್ವರ ಗುಡಿ, ಅತ್ತಿಮಬ್ಬೆಯ ಬ್ರಹ್ಮ ಜಿನಾಲಯ, ಮುಸುಕಿನ ಬಾವಿ. ಹೊರದೇಶದಲ್ಲಿ ಹುಟ್ಟಿದ ನಮ್ಮ ಅಣ್ಣನ ಮಕ್ಕಳ ಜೊತೆ ಅಲ್ಲೇ ನಡೆದಾಡಿ ಕಥೆ ಹೇಳಬೇಕು.

ಕೋಡ್_ವಿದ್ಯಾನಗರ

ಆಗದ ಕೆಲಸ ಅಲ್ಲ. ಹಂಪಿಯನ್ನು ಹೀಗೆ ಡಿಜಿಟಲ್ ರೂಪಕ್ಕೆ ತರುವ ಕೆಲಸವನ್ನು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮಾಡಿಸಿತ್ತು, ನಮ್ಮ ಹುಬ್ಬಳ್ಳಿ ಬಿವಿಬಿ ಕಾಲೇಜಿನವರೂ ಅದರಲ್ಲಿದ್ದರು. ಲಕ್ಕುಂಡಿಗೂ ಮಾಡಬೇಕು.

ಚಿಗರಿ_ಪ್ರಯಾಣಿಕ

ಲಕ್ಕುಂಡಿಗೆ ಹೋದವರು ಗದಗದಲ್ಲಿ ಮಿರ್ಚಿ ತಿನ್ನದೆ ಬರಬೇಡಿ. ಹುಬ್ಬಳ್ಳಿ ಮಿರ್ಚಿಗಿಂತ ಚಲೋ.

ಲೈನ್‌ಬಜಾರ್_ಧಾರವಾಡ

ಈ ಮಾತು ನಾನು ಒಪ್ಪುವುದಿಲ್ಲ!

ಮಾಡರೇಟರ್

ಮಿರ್ಚಿಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ವಿಷಯಕ್ಕೆ ಬನ್ನಿ ದಯವಿಟ್ಟು.

ರಾಣೆಬೆನ್ನೂರು_ಹುಡುಗ

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಹೆಸರು ಬದಲಿಸಿ, ರೂಪ ಬದಲಿಸಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ಬರ್ಕ್ಲಿಯ ಸಂಶೋಧಕರು 2023ರಲ್ಲಿ ಒಂದು ವಿಆರ್ ಆಟದ 50,000ಕ್ಕೂ ಹೆಚ್ಚು ಆಟಗಾರರ ತಲೆ ಮತ್ತು ಕೈ ಚಲನೆ ತೆಗೆದುಕೊಂಡು ನೋಡಿದರು. 100 ಸೆಕೆಂಡಿನ ಚಲನೆ ಸಾಕಾಯಿತು, 94%ಕ್ಕೂ ಹೆಚ್ಚು ಸಲ ಯಾರು ಅಂತ ಕಂಪ್ಯೂಟರ್ ಸರಿಯಾಗಿ ಗುರುತಿಸಿತು. ನೀವು ತಲೆ ಅಲ್ಲಾಡಿಸುವ ರೀತಿಯೇ ನಿಮ್ಮ ಗುರುತು. ಮನೆಯ ಸಾಲ, ಅಪ್ಪನ ಜಗಳ ಎಲ್ಲ ಹೇಳಿಕೊಳ್ಳುವ ಜಾಗದಲ್ಲಿ ಇದನ್ನು ನೆನಪಿಡಿ.

ಬ್ಯಾಡಗಿ_ಕಡ್ಡಿ

ಎಲ್ಲ ಆಯಿತು. ಆ ಅಂಗಡಿಯ ಹುಡುಗನ ಮಾತು ಎಲ್ಲಿಗೆ ಬಂತು? ಅವನನ್ನೇ ಎಲ್ಲರೂ ಮರೆತರು.

ಉಣಕಲ್_ದಂಡೆ

ಮರೆತಿಲ್ಲ ಕಾಕಾ. ಇವತ್ತು ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಹೋಗಿದ್ದೆ. ನೇರ ಕೇಳಿದೆ, ಬೇಜಾರಾಗಿದೆಯಾ ಅಂತ. ಮೊದಲು ಇಲ್ಲ ಅಂದ. ಶಟರ್ ಎಳೆದು ಕೀಲಿ ಹಾಕಿದ ಮೇಲೆ ಹೇಳಿದ: "ಭಾನುವಾರ ನೀವು ಮಾತಾಡಿದ್ದನ್ನು ಬುಧವಾರ ನನಗೆ ಹೇಳುತ್ತೀ. ಎಲ್ಲ ಮುಗಿದ ಮೇಲೆ ನನಗೆ ಗೊತ್ತಾಗುತ್ತದೆ. ಪುಣೆಯವನ ಸಾಲದ ವಿಷಯ ನಾನು ನಿನ್ನ ಬಾಯಿಂದ ಕೇಳಬೇಕಿತ್ತಾ?"

ಅವನಿಗೆ ಹೆಡ್‌ಸೆಟ್ ಇಲ್ಲದ್ದಕ್ಕಿಂತ ಇದು ಹೆಚ್ಚು ನೋವಾಗಿದೆ. ದುಡ್ಡಿನಿಂದ ಸರಿ ಮಾಡುವಂಥದ್ದಲ್ಲ.

ಕೋಡ್_ವಿದ್ಯಾನಗರ

ವಿಆರ್‌ಚಾಟ್‌ನಂಥ ಕಡೆ ಹೆಡ್‌ಸೆಟ್ ಇಲ್ಲದೆ ಕಂಪ್ಯೂಟರಿನಿಂದಲೂ ಬರಬಹುದು. ಅವರನ್ನು ಲ್ಯಾಪ್‌ಟಾಪ್ ಮೇಲೆ ಕರೆದುಕೊಳ್ಳಿ.

ಕವಿವಿ_ಹಾಸ್ಟೆಲ್

ನಾನು ಲ್ಯಾಪ್‌ಟಾಪ್‌ನಿಂದ ಹೋಗಿ ನೋಡಿದ್ದೇನೆ. ಮಾತು ಕೇಳುತ್ತದೆ, ಆದರೆ ಕೈ ಏಳುವುದಿಲ್ಲ. ಉಳಿದವರು ಕೈ ಆಡಿಸಿ, ಬಗ್ಗಿ, ತಿರುಗಿ ಮಾತಾಡುವಾಗ ನಾನೊಬ್ಬ ಸೆಟೆದು ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಎಲ್ಲರೂ ಒಬ್ಬರ ಕಡೆ ಒಬ್ಬರು ತಿರುಗಿಕೊಂಡರು, ನಾನು ಹೊರಗೆ ಉಳಿದೆ. ಬೇಕಂತಲೇ ಮಾಡಿದ್ದಲ್ಲ, ಹಾಗೇ ಆಗಿಬಿಡುತ್ತದೆ. ನಿಮ್ಮ ಗೆಳೆಯರಿಗೂ ಹಾಗಾದರೆ ಇನ್ನೂ ಬೇಜಾರು.

ಸಾಧನಕೇರಿ_ಅಕ್ಕ

ಅವನೊಬ್ಬ ಒಳಗೆ ಬರಬೇಕು ಅಂತ ಯಾಕೆ? ನಾಲ್ವರು ಹೊರಗೆ ಬನ್ನಿ. ತಿಂಗಳಲ್ಲಿ ಒಂದು ಭಾನುವಾರ ಎಲ್ಲರೂ ಹೆಡ್‌ಸೆಟ್ ಬಿಟ್ಟು ಸಾದಾ ಫೋನ್ ಕಾಲ್ ಮಾಡಿ. ನೀವಿಬ್ಬರು ಕೆರೆ ದಂಡೆಯಲ್ಲಿ ಕುಳಿತು ಫೋನ್ ನಡುವೆ ಇಟ್ಟುಕೊಳ್ಳಿ. ಉಳಿದ ಮೂವರು ಎಲ್ಲಿದ್ದಾರೋ ಅಲ್ಲಿಂದ ಕೇಳಲಿ. ಆ ದಿನ ಸುದ್ದಿ ಮೊದಲು ಅವನಿಗೆ ಮುಟ್ಟಲಿ.

ಲೈನ್‌ಬಜಾರ್_ಧಾರವಾಡ

ಅಕ್ಕಾ ಹೇಳಿದ್ದು ಸರಿ. ಜೊತೆಗೆ ವಿಆರ್ ಹರಟೆಯನ್ನು ಭಾನುವಾರ ಸಂಜೆಯಿಂದ ಕಿತ್ತು ಶನಿವಾರ ರಾತ್ರಿಗೆ ಹಾಕಿ. ಡಲ್ಲಾಸ್‌ನಲ್ಲಿ ಆಗ ಶನಿವಾರ ಬೆಳಗ್ಗೆ, ಅವನಿಗೂ ತೊಂದರೆ ಇಲ್ಲ. ಭಾನುವಾರ ಸಂಜೆ ಮೊದಲಿನಿಂದ ಯಾರದ್ದಾಗಿತ್ತೋ ಅವನಿಗೆ ಬಿಟ್ಟುಕೊಡಿ.

ಉಣಕಲ್_ದಂಡೆ

ಗುಂಪಿನಲ್ಲಿ ಹಾಕಿದೆ. ಪುಣೆಯವನು ಶನಿವಾರಕ್ಕೆ ಒಪ್ಪಿದ, ಅವನೇ ಅಂಗಡಿಗೆ ಫೋನ್ ಹಚ್ಚಿ ಮಾತಾಡುತ್ತೇನೆ ಅಂದ. ಬೆಂಗಳೂರಿನವನು ಬರುವ ಭಾನುವಾರ ರೈಲು ಹತ್ತುತ್ತೇನೆ ಅಂತ ಬರೆದಿದ್ದಾನೆ. ಡಲ್ಲಾಸ್‌ನವನು ಇನ್ನೂ ಮೆಸೇಜ್ ನೋಡಿಲ್ಲ.

ಶಿಗ್ಗಾಂವಿ_ಮನೆ

ಒಳ್ಳೆಯದಾಯಿತು. ನನ್ನದೊಂದು ಪ್ರಶ್ನೆ ಉಳಿದಿದೆ. ನಮ್ಮ ತಂಗಿ ಮಸ್ಕತ್‌ನಲ್ಲಿದ್ದಾಳೆ. ಅಮ್ಮನಿಗೆ ಮೊಣಕಾಲು ನೋವು, ಪ್ರಯಾಣ ಆಗುವುದಿಲ್ಲ. ವಿಆರ್‌ನಲ್ಲಿ ತಂಗಿ ಜೊತೆ ಕೂರಿಸಬೇಕು ಅಂತ ಆಸೆ. ವಯಸ್ಸಾದವರಿಗೆ ತಲೆ ತಿರುಗುತ್ತದೆ ಅನ್ನುತ್ತಾರೆ, ನಿಜವಾ?

ಕೋಡ್_ವಿದ್ಯಾನಗರ

ಯಾವ ವಯಸ್ಸಿನವರಿಗೂ ತಿರುಗಬಹುದು. ಕಣ್ಣಿಗೆ ನಡೆದಂತೆ ಕಾಣುತ್ತದೆ, ಒಳಕಿವಿ ಮಾತ್ರ ಕುಳಿತಲ್ಲೇ ಇದ್ದೇವೆ ಅನ್ನುತ್ತದೆ. ಎರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಅದಕ್ಕೆ ಅಮ್ಮನನ್ನು ಕೈ ಇರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಗಾಲಿ ಕುರ್ಚಿ ಬೇಡ. ಒಳಗೂ ಒಂದು ಕಡೆ ಕುಳಿತುಕೊಳ್ಳುವ ಜಾಗವನ್ನೇ ಆರಿಸಿ, ನಡೆಸಬೇಡಿ, ತಂಗಿಯೇ ಹತ್ತಿರ ಬರಲಿ. ಹೆಡ್‌ಸೆಟ್ ಅರ್ಧ ಕಿಲೋ ಭಾರ ಇರುತ್ತದೆ, ಕುತ್ತಿಗೆ ನೋವಿದ್ದರೆ ಮೊದಲೇ ಡಾಕ್ಟರನ್ನು ಕೇಳಿ. ಚಾಳೀಸು ಹಾಕುತ್ತಾರಾ?

ಶಿಗ್ಗಾಂವಿ_ಮನೆ

ಹೌದು, ದಪ್ಪ ಗಾಜಿನದು.

ಕೋಡ್_ವಿದ್ಯಾನಗರ

ಹಾಗಾದರೆ ಕೊಳ್ಳುವ ಮೊದಲು ಚಾಳೀಸಿನ ಸಮೇತ ಒಮ್ಮೆ ಹಾಕಿ ನೋಡಬೇಕು. ಹುಬ್ಬಳ್ಳಿಗೆ ಬಂದಾಗ ಹೇಳಿ, ನನ್ನದನ್ನೇ ಕೊಡುತ್ತೇನೆ. ಮೊದಲ ಸಲ ಹತ್ತು ನಿಮಿಷ ಸಾಕು. ಬೆವರು ಬಂದರೆ, ಆಕಳಿಕೆ ಜಾಸ್ತಿಯಾದರೆ ತಕ್ಷಣ ತೆಗೆಸಿ, ಮಗಳನ್ನು ನೋಡುವ ಆಸೆಗೆ ಅವರು ತಡೆದುಕೊಂಡು ಕೂರಬಹುದು.